ಅಶೋಕನಗರದ ಪಶ್ಚಿಮ ಗ್ಯಾಲರಿ

2014ರ ಏಪ್ರಿಲ್ 21, ಸೋಮವಾರ. ನಾಲ್ಕು ದಿನದ ಹಿಂದಷ್ಟೇ ರಾಜ್ಯದಲ್ಲಿ ಲೋಕಸಭೆಗೆ ಮತದಾನ ಮುಗಿದಿತ್ತು. ಬೆರಳ ಮೇಲಿನ ಶಾಯಿ ಯಾರಿಗೂ ಇನ್ನೂ ಮಾಸಿರಲಿಲ್ಲ. ಗುಬ್ಬಿ ತಾಲ್ಲೂಕಿನ ನಮ್ಮ ಚೇಳೂರಿನಲ್ಲಿ ಹಲಸಿನ ಕಾಲ ಶುರುವಾಗುತ್ತಿತ್ತು. ನಾಲ್ಕು ಜನ ಸೇರಿದರೆ ಮಾತು ಒಂದೋ ಯಾರು ಗೆಲ್ಲುತ್ತಾರೆ ಎನ್ನುವುದು, ಇಲ್ಲವೇ ಈ ಸಲ ಹಣ್ಣಿಗೆ ಏನು ರೇಟು ಎನ್ನುವುದು. ಕ್ರಿಕೆಟ್ ಸಹ ಆಗ ದೇಶದಲ್ಲಿರಲಿಲ್ಲ. ಚುನಾವಣೆಯ ಕಾರಣಕ್ಕೆ ಆ ವರ್ಷದ ಐಪಿಎಲ್‌ನ ಮೊದಲ ಇಪ್ಪತ್ತು ಪಂದ್ಯಗಳನ್ನು ಯುಎಇಗೆ ಸಾಗಿಸಿದ್ದರು. ಅದೇ ದಿನ ಗೋವಾದ ಫತೋರ್ಡಾ ಕ್ರೀಡಾಂಗಣದಲ್ಲಿ, ಹುಟ್ಟಿ ಇನ್ನೂ ವರ್ಷ ತುಂಬದ ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ಕ್ಲಬ್ಬು ಹಳೆಯ ಹುಲಿ ಡೆಂಪೊ ತಂಡವನ್ನು 4-2 ಗೋಲುಗಳಿಂದ ಸೋಲಿಸಿ, ಒಂದು ಪಂದ್ಯ ಬಾಕಿ ಇರುವಾಗಲೇ ದೇಶದ ಐ-ಲೀಗ್ ಪಟ್ಟ ಗೆದ್ದುಬಿಟ್ಟಿತು.

ರಾಷ್ಟ್ರೀಯ ಮಟ್ಟದ ಲೀಗ್ ನಮ್ಮಲ್ಲಿ ಶುರುವಾದದ್ದು 1996ರಲ್ಲಿ. ಅಲ್ಲಿಂದ ಆ ದಿನದವರೆಗೆ ಗೆದ್ದವರೆಲ್ಲ ಪಂಜಾಬಿನವರು, ಕಲ್ಕತ್ತೆಯವರು, ಗೋವಾದವರು, ಮುಂಬಯಿಯವರು. ಬೆಂಗಳೂರಿನ ಕ್ಲಬ್ಬೊಂದು, ಅಷ್ಟೇ ಏಕೆ ದಕ್ಷಿಣದ ಯಾವುದೇ ಕ್ಲಬ್ಬು, ಆ ಪಟ್ಟಿಯಲ್ಲಿ ಕಂಡದ್ದು ಅದೇ ಮೊದಲು. ಸುದ್ದಿ ಓದಿದವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ, ‘ಬೆಂಗಳೂರಲ್ಲಿ ಫುಟ್‌ಬಾಲ್ ಆಡ್ತಾರಾ?’ ಎನ್ನುವುದೇ ಆಗಿತ್ತು. ನಾನೂ ಹಾಗೆ ಕೇಳಿದವರಲ್ಲೊಬ್ಬ. ಕೇಳಿದ್ದಕ್ಕೆ ಆಮೇಲೆ ನಾಚಿಕೆಯಾಯಿತು. ಈ ಬರಹ ಹುಟ್ಟಿದ್ದು ಆ ನಾಚಿಕೆಯಿಂದ.

ನಮ್ಮ ಕಡೆಯ ಹಳ್ಳಿಗಳಲ್ಲಿ ಆಟವೆಂದರೆ ಕಬಡ್ಡಿ, ಖೊಖೊ, ರಾತ್ರಿ ಲೈಟು ಹಾಕಿ ಆಡುವ ವಾಲಿಬಾಲ್, ಆಮೇಲೆ ಬಂದ ಟೆನಿಸ್ ಬಾಲ್ ಕ್ರಿಕೆಟ್. ತುಮಕೂರು ದಾಟಿ ಬೆಂಗಳೂರಿಗೆ ಹೋಗುವ ಬಸ್ಸು ನಮ್ಮನ್ನು ಇಳಿಸುತ್ತಿದ್ದದ್ದು ಮೆಜೆಸ್ಟಿಕ್ಕಿನಲ್ಲಿ. ಅಲ್ಲಿಂದ ನಾವು ಚಿಕ್ಕಪೇಟೆಗೆ, ರಾಜಾಜಿನಗರಕ್ಕೆ, ಯಶವಂತಪುರಕ್ಕೆ ಚದುರುತ್ತಿದ್ದೆವು. ಆಸ್ಟಿನ್ ಟೌನು, ಹಲಸೂರು, ಶಿವಾಜಿನಗರದ ಕಡೆ ಹೋಗುವ ಕೆಲಸವೇ ಬೀಳುತ್ತಿರಲಿಲ್ಲ. ಬೆಂಗಳೂರಿನ ಫುಟ್‌ಬಾಲ್ ಇದ್ದದ್ದು ಆ ಕಡೆ. 1809ರಲ್ಲಿ ಬ್ರಿಟಿಷರು ದಂಡು ಇಳಿಸಿ ಕಟ್ಟಿದ ದಂಡುಪ್ರದೇಶದಲ್ಲಿ ಗೋರಾ ಸಿಪಾಯಿಗಳು ಆಡಿದ ಆಟವನ್ನು ಅವರ ಸೇವೆಗೆಂದು ಬಂದು ನೆಲೆಸಿದವರ ಮಕ್ಕಳು ಕಲಿತರು. ಮನೆಯಲ್ಲಿ ತಮಿಳು ಆಡುವವರು, ದಖನಿ ಉರ್ದು ಆಡುವವರು, ಆಂಗ್ಲೋ ಇಂಡಿಯನ್ನರು, ತೆಲುಗರು. ಹಲಸೂರಿಗೆ ಸೇರಿದ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಮೂರ್ತಿಗಳ ಜೊತೆಗೆ ಬ್ರೆಜಿಲ್ಲಿನ ಪೆಲೆಯದ್ದೂ ಒಂದು ಮೂರ್ತಿ ನಿಂತಿದೆ. ನಗರದ ಒಂದು ಮಗ್ಗುಲಿಗೆ ಇಷ್ಟು ದೊಡ್ಡದಾದ ಆಟ ಇನ್ನೊಂದು ಮಗ್ಗುಲಿಗೆ ಗೊತ್ತೇ ಇರಲಿಲ್ಲವೆಂದರೆ, ಪೇಟೆ ಮತ್ತು ದಂಡಿನ ನಡುವಿನ ಕಬ್ಬನ್ ಪಾರ್ಕು ನಾವಂದುಕೊಂಡದ್ದಕ್ಕಿಂತ ಅಗಲವಾಗಿತ್ತು ಅನ್ನಬೇಕು. ಕನ್ನಡದಲ್ಲಿ ಆ ಆಟದ ಚರಿತ್ರೆಯನ್ನು ಬರೆದವರು ಕಡಿಮೆ. ನಮ್ಮವರಲ್ಲ ಅನ್ನಿಸಿತ್ತೋ ಏನೋ.

ಆದರೆ ಚರಿತ್ರೆ ಸಣ್ಣದಲ್ಲ. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾಯಿತು. ಮುಂದಿನ ನಲವತ್ತು ಚಿಲ್ಲರೆ ವರ್ಷ ಅದನ್ನು ಗೆಲ್ಲುತ್ತಿದ್ದದ್ದು ಬ್ರಿಟಿಷ್ ಪಲ್ಟನ್ನುಗಳ ತಂಡಗಳು ಮಾತ್ರ. 1937ರಲ್ಲಿ ಮೊದಲ ಸಲ ಒಂದು ಭಾರತೀಯ ತಂಡ ಅದನ್ನೆತ್ತಿತು. ಆ ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್. ಫೈನಲಿನಲ್ಲಿ ಅವರಿಗೆ ಎದುರಾದದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ ಸತತ ಐದು ವರ್ಷ ಕಲ್ಕತ್ತಾ ಲೀಗನ್ನು ಗೆದ್ದು ಬಂಗಾಳವನ್ನೇ ನಡುಗಿಸಿದ ತಂಡ ಅದು. ಆ ತಂಡವೂ ತನ್ನ ಆಟಗಾರರಿಗಾಗಿ ಬೆಂಗಳೂರಿನ ಕಡೆ ಕೈಚಾಚಿತ್ತು ಎನ್ನುವುದು ಇಲ್ಲಿನ ಸ್ವಾರಸ್ಯ. ಮರುವರ್ಷ ಬೆಂಗಳೂರು ಮುಸ್ಲಿಮ್ಸ್ ಮತ್ತೆ ಗೆದ್ದಿತು. ಈ ಸಲ ಸೋತದ್ದು ಆರ್ಗೈಲ್ ಮತ್ತು ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ಪಲ್ಟನ್ನು. 1911ರಲ್ಲಿ ಮೋಹನ್ ಬಾಗಾನ್ ತಂಡ ಬರಿಗಾಲಲ್ಲಿ ಗೋರಾಗಳನ್ನು ಸೋಲಿಸಿದ ಕತೆ ದೇಶಕ್ಕೆಲ್ಲ ಗೊತ್ತು, ಅದರ ಮೇಲೆ ಸಿನಿಮಾ ಕೂಡ ಬಂತು. 1937ರ ಕತೆ ಮಾತ್ರ ಶಿವಾಜಿನಗರದ ಆಚೆ ಬರಲಿಲ್ಲ.

ಸಂತೋಷ್ ಟ್ರೋಫಿಯದ್ದೂ ಇದೇ ಬಗೆ. ಮೈಸೂರು ಎಂಬ ಹೆಸರಿದ್ದ ಕಾಲದಲ್ಲಿ ನಮ್ಮ ರಾಜ್ಯ ಅದನ್ನು ನಾಲ್ಕು ಸಲ ಗೆದ್ದಿತು: 1946-47, 1952-53, 1967-68, 1968-69. ನಾಲ್ಕು ಸಲವೂ ಫೈನಲಿನಲ್ಲಿ ಸೋತದ್ದು ಬಂಗಾಳ. ಹೀಗೆ ಬಂಗಾಳವನ್ನು ಸೋಲಿಸಿದ ಹುಡುಗರನ್ನು ಬಂಗಾಳದ ಕ್ಲಬ್ಬುಗಳು ಕರೆದುಕೊಂಡು ಹೋಗುತ್ತಿದ್ದವು, ಇವರೂ ಸಂತೋಷದಿಂದ ಹೋಗುತ್ತಿದ್ದರು. ಇಲ್ಲಿ ಲಕ್ಷ ಜನ ನೋಡುವ ಲೀಗ್ ಇರಲಿಲ್ಲ, ಅಲ್ಲಿತ್ತು.

ಹೀಗೆ ಹೋದವರಲ್ಲಿ ಎಲ್ಲರಿಗಿಂತ ದೊಡ್ಡವರು ಅಹ್ಮದ್ ಖಾನ್. 1926ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಚೆಂಡು ಅವರ ಕಾಲಿಗೆ ಅಂಟಿಕೊಂಡು ಹೆಡೆಯಾಡಿಸುತ್ತಿತ್ತು ಎಂದು ಅವರಿಗೆ ‘ಹಾವಾಡಿಗ’ ಎಂಬ ಹೆಸರೇ ಬಿದ್ದಿತ್ತು. 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತ ತಂಡದಲ್ಲಿ ಮೈಸೂರಿನವರ ಒಂದು ದಂಡೇ ಇತ್ತು. ಜುಲೈ 31ರಂದು ಫ್ರಾನ್ಸಿನ ಎದುರು ಹೆಚ್ಚಿನವರು ಬರಿಗಾಲಲ್ಲಿ, ಕೆಲವರು ಬಟ್ಟೆ ಸುತ್ತಿಕೊಂಡು ಆಡಿದರು. ಎರಡು ಪೆನಾಲ್ಟಿ ಕಳೆದುಕೊಂಡರು. 2-1ರಿಂದ ಸೋತರು. ಆ ಒಂದು ಗೋಲು, ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಮೊಟ್ಟಮೊದಲ ಫುಟ್‌ಬಾಲ್ ಗೋಲು, ಹೊಡೆದದ್ದು ಮೈಸೂರಿಗೆ ಆಡುತ್ತಿದ್ದ ಸಾರಂಗಪಾಣಿ ರಾಮನ್. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ನಮ್ಮವರಿಗೆ ಹತ್ತು ಗೋಲು ಹೊಡೆಯಿತು. ನಮ್ಮ ಕಡೆಯ ಒಂದೇ ಒಂದು ಗೋಲು ಅಹ್ಮದ್ ಖಾನ್ ಅವರದು. ಇಷ್ಟರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿಯಾಗಿತ್ತು. ಅಪ್ಪಾರಾವ್, ಧನರಾಜ್, ಸಾಲೇಹ್, ವೆಂಕಟೇಶ್, ಅಹ್ಮದ್ ಖಾನ್ ಎಂಬ ಐವರು ಮುಂಪಡೆಯವರನ್ನು ಅಲ್ಲಿನ ಜನ ಪಂಚಪಾಂಡವರೆಂದು ಕರೆದರು. ಐವರಲ್ಲಿ ಬಂಗಾಳಿ ಒಬ್ಬನೂ ಇರಲಿಲ್ಲ. 1949ರಿಂದ 1951ರವರೆಗೆ ಈಸ್ಟ್ ಬೆಂಗಾಲ್ ಐಎಫ್ಎ ಶೀಲ್ಡನ್ನು ಸತತ ಮೂರು ಸಲ ಗೆದ್ದದ್ದು ಈ ದಕ್ಷಿಣದವರ ಕಾಲಿನ ಬಲದಿಂದ.

ಅವರ ಹಿಂದೆ ಇನ್ನೂ ಎಷ್ಟೋ ಜನ ಹೋದರು. 1962ರ ಏಷ್ಯನ್ ಗೇಮ್ಸಿನಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಬೆಂಗಳೂರಿನಿಂದ ಮೋಹನ್ ಬಾಗಾನಿಗೆ ಹೋದವರು. ಅವರ ಓಟ ನೋಡಿ ಕಲ್ಕತ್ತೆಯ ಜನ ‘ಬೇಬಿ ಟ್ಯಾಕ್ಸಿ’ ಎಂದು ಹೆಸರಿಟ್ಟರು. ಉಲಗನಾಥನ್ ಹೋದರು. ತೊಂಬತ್ತರ ದಶಕದಲ್ಲಿ ಕಾರ್ಲ್ಟನ್ ಚಾಪ್‌ಮನ್ ಟಾಟಾ ಅಕಾಡೆಮಿಗೆ, ಅಲ್ಲಿಂದ ಈಸ್ಟ್ ಬೆಂಗಾಲಿಗೆ, ಪಂಜಾಬಿನ ಜೆಸಿಟಿಗೆ, ಕೊಚ್ಚಿಗೆ ಹೋಗಿ, ದೇಶದ ತಂಡದ ನಾಯಕರೂ ಆದರು.

ಹೋಗದೆ ಉಳಿದವರು ಏನಾದರು? ಕಾರ್ಖಾನೆ ಸೇರಿದರು. ಐಟಿಐ, ಎಚ್ಎಎಲ್, ಬಿಇಎಂಎಲ್, ಎಲ್ಆರ್‌ಡಿಇ, ಜೊತೆಗೆ ಸೇನೆಯ ಎಂಇಜಿ, ಎಎಸ್‌ಸಿ. ಸ್ವಾತಂತ್ರ್ಯ ಬಂದ ಮೇಲಿನ ಐವತ್ತು ವರ್ಷ ಬೆಂಗಳೂರು ಲೀಗ್ ಎಂದರೆ ಈ ಅಕ್ಷರಗಳ ನಡುವಿನ ಜಗಳವೇ. ಒಳ್ಳೆಯ ಎಡಗಾಲಿದ್ದರೆ ಒಂದು ಖಾಯಂ ನೌಕರಿ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಹಾಜರಿ ಹಾಕಿ ಮೆಷಿನ್ನಿನ ಮುಂದೆ ನಿಲ್ಲುವುದು, ಕ್ಯಾಂಟೀನ್ ಊಟ, ಕ್ವಾರ್ಟರ್ಸು, ನಿವೃತ್ತಿಯಾದರೆ ಪಿಎಫ್. ಗಮನಿಸಿ ನೋಡಿದರೆ ಬಡವರ ಮಕ್ಕಳಿಗೆ ಫುಟ್‌ಬಾಲ್ ಕೊಟ್ಟ ದೊಡ್ಡ ಬಹುಮಾನ ಯಾವ ಕಪ್ಪೂ ಅಲ್ಲ, ಈ ಪಿಎಫ್ ಚೀಟಿ. ಐಟಿಐ ಮತ್ತು ಎಚ್ಎಎಲ್ ರಾಷ್ಟ್ರೀಯ ಲೀಗಿನವರೆಗೂ ಏರಿದವು. ಆದರೆ ಹೊಸ ಕಾಲದಲ್ಲಿ ಟೆಲಿಫೋನ್ ಮಾಡುವ ಸರ್ಕಾರಿ ಕಾರ್ಖಾನೆಗೇ ಉಸಿರು ಕಟ್ಟಿತ್ತು, ಅದರ ಫುಟ್‌ಬಾಲ್ ತಂಡದ ಪಾಡು ಹೇಳುವುದೇ ಬೇಡ. 2011-12ರ ಐ-ಲೀಗಿನಲ್ಲಿ ಎಚ್ಎಎಲ್ ತಳ ಕಂಡು ಕೆಳಗಿಳಿಯಿತು. ಅಲ್ಲಿಗೆ ಬೆಂಗಳೂರಿಗೆ ದೇಶದ ಲೀಗಿನಲ್ಲಿ ತಂಡವೇ ಇಲ್ಲವಾಯಿತು.

ಇದು ಬೆಂಗಳೂರಿಗಷ್ಟೇ ಬಂದ ಕಾಯಿಲೆಯಾಗಿರಲಿಲ್ಲ. ಮುಂಬಯಿಯ ಮಹೀಂದ್ರ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿ 2011ರಲ್ಲಿ ಹೋಯಿತು. 2013ರಲ್ಲಿ ಏರ್ ಇಂಡಿಯಾ ಮತ್ತು ಒಎನ್‌ಜಿಸಿ ತಂಡಗಳನ್ನು ಲೀಗಿನಿಂದಲೇ ಹೊರಗಿಟ್ಟರು. ಏಷ್ಯಾದ ಫುಟ್‌ಬಾಲ್ ಒಕ್ಕೂಟ ವಿಧಿಸಿದ ಕ್ಲಬ್ ಪರವಾನಗಿ ನಿಯಮಗಳನ್ನು ಅವು ಪೂರೈಸಲಿಲ್ಲ ಎನ್ನುವುದು ಕಾರಣ. ಕ್ಲಬ್ಬೆಂದರೆ ಒಂದು ಇಲಾಖೆಯ ಕ್ರೀಡಾ ವಿಭಾಗವಾಗಿರಬಾರದು, ಸ್ವಂತ ಕಾಲ ಮೇಲೆ ನಿಂತ ಸಂಸ್ಥೆಯಾಗಿರಬೇಕು, ಮಕ್ಕಳ ತಂಡಗಳಿರಬೇಕು, ಲೆಕ್ಕಪತ್ರ ಇರಬೇಕು ಎನ್ನುವುದು ಆ ನಿಯಮಗಳ ಸಾರ. ತಪ್ಪೇನಿಲ್ಲ. ಆದರೆ ಪಿಎಫ್ ಚೀಟಿಯ ಕಾಲ ಅಲ್ಲಿಗೆ ಮುಗಿಯಿತು.

ಖಾಲಿಯಾದ ಜಾಗಕ್ಕೆ ಹಣವಂತ ಕಂಪನಿಗಳನ್ನು ನೇರವಾಗಿ ಕರೆಯೋಣವೆಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತೀರ್ಮಾನಿಸಿತು. ಬಂದದ್ದು ಜೆಎಸ್‌ಡಬ್ಲ್ಯು. ಸಂಡೂರಿನ ಪಕ್ಕದ ತೋರಣಗಲ್ಲಿನಲ್ಲಿ ಉಕ್ಕಿನ ದೊಡ್ಡ ಕಾರ್ಖಾನೆ ನಡೆಸುವ, ಬಳ್ಳಾರಿಯ ಅದಿರನ್ನು ಕಬ್ಬಿಣ ಮಾಡುವ ಅದೇ ಜಿಂದಾಲರ ಕಂಪನಿ. 2013ರ ಜುಲೈ 20ರಂದು ಕ್ಲಬ್ಬಿನ ಹೆಸರು ಹೊರಬಿತ್ತು. ಕನ್ನಡದಲ್ಲಿ ನಮಗಿದು ಗಮನಕ್ಕೇ ಬರುವುದಿಲ್ಲ, ಆದರೆ ಇಂಗ್ಲಿಷಿನಲ್ಲಿ ಊರಿಗೆ ಆಗಿನ್ನೂ ‘ಬ್ಯಾಂಗಲೋರ್’ ಎಂದೇ ಸರ್ಕಾರಿ ಹೆಸರು. ಅದು ಬದಲಾದದ್ದು 2014ರ ನವೆಂಬರ್ 1ಕ್ಕೆ. ಕ್ಲಬ್ಬು ಅದಕ್ಕೂ ಒಂದು ವರ್ಷ ಮೊದಲೇ ಇಂಗ್ಲಿಷಿನಲ್ಲೂ ‘ಬೆಂಗಳೂರು’ ಆಗಿತ್ತು. ಉಕ್ಕಿನ ಕಂಪನಿ ತನ್ನ ಹೆಸರನ್ನು ತಂಡದ ಮೇಲೆ ಹಾಕಿಕೊಳ್ಳದೆ ಊರಿನ ಹೆಸರಿಟ್ಟಿತು. ಇದು ಸಣ್ಣ ಸಂಗತಿಯಲ್ಲವೆಂದು ನನಗೆ ಗೊತ್ತಾದದ್ದು ವೇಲ್ಸಿನ ಒಂದು ಹಳ್ಳಿಯ ಕತೆ ಓದಿದಾಗ.

ಆ ಕತೆಯನ್ನು ಇಲ್ಲಿ ಹೇಳಿಬಿಡುತ್ತೇನೆ. ವೇಲ್ಸ್ ಬ್ರಿಟನ್ನಿನೊಳಗಿನ ಸಣ್ಣ ನಾಡು, ಅದಕ್ಕೆ ಅದರದೇ ಭಾಷೆ, ಅದರದೇ ಫುಟ್‌ಬಾಲ್ ಸಂಸ್ಥೆ. ಅಲ್ಲಿನ ದೊಡ್ಡ ಕ್ಲಬ್ಬುಗಳಾದ ಕಾರ್ಡಿಫ್, ಸ್ವಾನ್ಸಿ, ರೆಕ್ಸಂ ಮಾತ್ರ ಇಂಗ್ಲೆಂಡಿನ ಲೀಗಿನಲ್ಲೇ ಆಡುತ್ತ ಬಂದವು. ಸ್ವಂತ ಲೀಗಿಲ್ಲದ ನಾಡಿಗೆ ಪ್ರತ್ಯೇಕ ದೇಶದ ತಂಡ ಏಕೆ ಎಂಬ ಪ್ರಶ್ನೆ ಎಲ್ಲಿ ಬರುತ್ತದೋ ಎಂದು ಹೆದರಿ 1992ರಲ್ಲಿ ಅವರು ತಮ್ಮದೇ ಲೀಗ್ ಕಟ್ಟಿದರು. ದೊಡ್ಡವರು ಬರಲಿಲ್ಲ, ಸಣ್ಣ ಊರುಗಳು ಬಂದವು. ಅದರಲ್ಲಿ ಒಂದು ಲ್ಯಾನ್‌ಸಾನ್‌ಫ್ರೈಡ್ ಎಂಬ ಹಳ್ಳಿ. ಜನಸಂಖ್ಯೆಯಲ್ಲಿ ನಮ್ಮ ಚೇಳೂರಿಗಿಂತ ಸಣ್ಣದು. ಆ ಹಳ್ಳಿಯ ತಂಡ 1996ರಲ್ಲಿ ವೆಲ್ಷ್ ಕಪ್ಪನ್ನೇ ಗೆದ್ದಿತು. ಅದೇ ಹೊತ್ತಿಗೆ ಟೋಟಲ್ ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಕಂಪ್ಯೂಟರ್ ಕಂಪನಿ ಹಣ ಹಾಕಿತು. ಮೊದಲು ಕಂಪನಿಯ ಹೆಸರು ಊರ ಹೆಸರಿನ ಜೊತೆ ಸೇರಿತು, ಮರುವರ್ಷ ಊರ ಹೆಸರು ಬಿದ್ದುಹೋಯಿತು. 2000ದಲ್ಲಿ ಆ ತಂಡ ವೇಲ್ಸಿನ ಚಾಂಪಿಯನ್. 2005ರಲ್ಲಿ, ಆಗಷ್ಟೇ ಯುರೋಪಿನ ಕಪ್ ಗೆದ್ದಿದ್ದ ಲಿವರ್‌ಪೂಲ್ ಎದುರು ಎರಡು ಪಂದ್ಯ ಆಡಿ ಎರಡರಲ್ಲೂ 3-0ಯಿಂದ ಸೋತಿತು. ಆಮೇಲೆ ಆ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿತು, ಹೆಸರು ತೆಗೆಯಬೇಕಾಗಿ ಬಂತು, ಟಿಎನ್ಎಸ್ ಎಂಬ ಮೂರಕ್ಷರ ಉಳಿಸಿಕೊಳ್ಳಲು ‘ದಿ ನ್ಯೂ ಸೇಂಟ್ಸ್’ ಎಂದು ಮಾಡಿಕೊಂಡರು. ಗಡಿಯಾಚೆಯ ಆಸ್‌ವೆಸ್ಟ್ರಿ ಪಟ್ಟಣದ ಕ್ಲಬ್ಬಿನ ಜೊತೆ ಅಷ್ಟರಲ್ಲಿ ವಿಲೀನವಾಗಿತ್ತು. 2007ರಿಂದ ಮೈದಾನವೂ ಅಲ್ಲೇ, ಅಂದರೆ ಇಂಗ್ಲೆಂಡಿನ ನೆಲದ ಮೇಲೆ. ಈಗ ವೇಲ್ಸಿನ ಲೀಗನ್ನು ಹೆಚ್ಚುಕಡಿಮೆ ಪ್ರತಿ ವರ್ಷ ಗೆಲ್ಲುವುದು ಆ ಕ್ಲಬ್ಬೇ. ಹೆಸರಿನಲ್ಲಿ ಹಳ್ಳಿಯಿಲ್ಲ, ಮೈದಾನ ಹಳ್ಳಿಯಲ್ಲಿಲ್ಲ.

ನಮ್ಮಲ್ಲಿ ಹೀಗಾಗಲಿಲ್ಲ. ಬೇರೆ ಥರ ಆಯಿತು.

ಕಂಪನಿ ಕೋಚ್ ಆಗಿ ತಂದದ್ದು ಆ್ಯಶ್ಲಿ ವೆಸ್ಟ್‌ವುಡ್ ಎಂಬ ಇಂಗ್ಲಿಷಿನವನನ್ನು. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಹುಡುಗನಾಗಿ ಕಲಿತು, ಅಲ್ಲಿ ಮೊದಲ ತಂಡಕ್ಕೆ ಏರಲಾಗದೆ, ಇಂಗ್ಲೆಂಡಿನ ಕೆಳಗಿನ ಡಿವಿಷನ್ನುಗಳಲ್ಲಿ ಊರೂರು ಸುತ್ತಿದ ಡಿಫೆಂಡರ್. ವೇಲ್ಸಿನ ರೆಕ್ಸಂಗೂ ಆಡಿದ್ದ. ವಯಸ್ಸು ಇನ್ನೂ 37. ಮುಖ್ಯ ಕೋಚಾಗಿ ಇದೇ ಅವನ ಮೊದಲ ದೊಡ್ಡ ಕೆಲಸ. ಮೈಕಸುವು, ಊಟ, ನಿದ್ದೆ ಇವುಗಳ ಬಗ್ಗೆ ಅವನದು ಕಟ್ಟುನಿಟ್ಟು. ನಾಯಕನಾಗಿ ಸುನಿಲ್ ಛೆಟ್ರಿ ಬಂದರು. ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೇ ತಂಡದಲ್ಲಿ ಹೆಚ್ಚು ಆಡಲು ಸಿಗದೆ, ಗೋವಾದ ಚರ್ಚಿಲ್ ಬ್ರದರ್ಸಿಗೆ ಎರವಲಾಗಿ ಬಂದು, ಆ ತಂಡದ ಜೊತೆ ಹಿಂದಿನ ಐ-ಲೀಗ್ ಗೆದ್ದು ಮುಗಿಸಿದ್ದರು. ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ ಹಿಂದೆ ನಿಂತರು. ಆಸ್ಟ್ರೇಲಿಯಾದ ಶಾನ್ ರೂನಿ, ಲೈಬೀರಿಯಾದ ಜಾನಿ ಮೆನ್ಯೊಂಗರ್, ಈಸ್ಟ್ ಬೆಂಗಾಲಿನಿಂದ ಬಂದ ರಾಬಿನ್ ಸಿಂಗ್ ಮುಂದೆ. ಮಣಿಪುರ, ಮಿಜೋರಾಂ, ಕೇರಳ, ಮುಂಬಯಿಯ ಹುಡುಗರು ಉಳಿದ ಜಾಗಗಳಲ್ಲಿ. ಬೆಂಗಳೂರಿನವರು? ಇದ್ದರು, ಶಂಕರ್ ಸಂಪಂಗಿರಾಜ್ ಎಂಬ ಹದಿಹರೆಯದ ಹುಡುಗನಂಥವರು, ಆದರೆ ಬೆರಳೆಣಿಕೆಯಷ್ಟು. ಎಪ್ಪತ್ತು ವರ್ಷ ಕಲ್ಕತ್ತೆಯ ಕ್ಲಬ್ಬುಗಳು ಬೆಂಗಳೂರಿನ ಹುಡುಗರನ್ನು ಕೊಂಡು ಗೆದ್ದವು. ಈಗ ಬೆಂಗಳೂರು ಬೇರೆ ಊರುಗಳ ಹುಡುಗರನ್ನು ಕೊಂಡು ಗೆಲ್ಲಲು ಹೊರಟಿತ್ತು.

ಆಡಲು ಮೈದಾನ ಬೇಕಲ್ಲ. ಕಂಠೀರವ ಆಗ ಸಿಗಲಿಲ್ಲ. ಗರುಡಾ ಮಾಲ್ ಎದುರಿಗೆ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ ಇತ್ತು. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮನೆ, ಐಟಿಐ ಎಚ್ಎಎಲ್ ಜಗಳಗಳೆಲ್ಲ ನಡೆದ ಜಾಗ. ಕೃತಕ ಹುಲ್ಲು ಹಾಸಿದ್ದರು. ಗ್ಯಾಲರಿಯ ಕೆಲವು ಭಾಗ ಕೂರಲಾಗದಷ್ಟು ಹಳತಾಗಿತ್ತು. ಎಂಟು ಸಾವಿರ ಜನ ಕೂತರೆ ತುಂಬಿತು.

ಮೊದಲ ಪಂದ್ಯ 2013ರ ಸೆಪ್ಟೆಂಬರ್ 22, ಭಾನುವಾರ. ಎದುರಾಳಿ ಬೇರೆ ಯಾರೂ ಅಲ್ಲ, ಮೋಹನ್ ಬಾಗಾನ್. 1889ರಲ್ಲಿ ಹುಟ್ಟಿದ ಕ್ಲಬ್ಬಿನ ಎದುರು ಎರಡು ತಿಂಗಳ ಕೂಸು. ಕ್ಲಬ್ಬಿನ ಚರಿತ್ರೆಯ ಮೊದಲ ಗೋಲನ್ನು ಶಾನ್ ರೂನಿ ಹೊಡೆದ. ಬಾಗಾನ್ ಸರಿಗಟ್ಟಿತು, 1-1. ಆ ದಿನ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಕೂಗಿದವರು ತಮ್ಮನ್ನು ಆ ಗ್ಯಾಲರಿಯ ಹೆಸರಿನಿಂದಲೇ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಕರೆದುಕೊಂಡರು. ಟಿವಿಯಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನೋಡಿ ಬೆಳೆದ ಐಟಿ ಹುಡುಗರು, ಕಾಲೇಜು ಹುಡುಗಿಯರು, ಜೊತೆಗೆ ಆಸ್ಟಿನ್ ಟೌನಿನ ಹಳೆಯ ತಲೆಗಳು. ತೊಂಬತ್ತು ನಿಮಿಷವೂ ನಿಂತೇ ಇರುವುದು, ಡೋಲು ಬಡಿಯುವುದು, ಪದ ಕಟ್ಟಿ ಹಾಡುವುದು. ಬೆಂಗಳೂರಿನ ಎರಡು ಮಗ್ಗುಲು ಒಂದೇ ಗ್ಯಾಲರಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತದ್ದು ಈ ಒಂದು ಋತುವಿನ ದೊಡ್ಡ ಸಾಧನೆ ಅಂತ ನನ್ನ ಎಣಿಕೆ. ಪಟ್ಟ ಬಂದದ್ದು ಆಮೇಲಿನ ಮಾತು.

ಆ ವರ್ಷ ಲೀಗಿನಲ್ಲಿ 13 ತಂಡಗಳು, ಪ್ರತಿಯೊಂದಕ್ಕೂ 24 ಪಂದ್ಯ. ಗೋವಾದವರು ನಾಲ್ಕು, ಕಲ್ಕತ್ತೆಯ ಕಡೆಯವರು ನಾಲ್ಕು, ಶಿಲ್ಲಾಂಗಿನಿಂದ ಎರಡು, ಮುಂಬಯಿ, ಪುಣೆ, ಬೆಂಗಳೂರು. ಸೆಪ್ಟೆಂಬರಿನ ಮಳೆಯಲ್ಲಿ ಶುರುವಾಗಿ ಏಪ್ರಿಲಿನ ಸೆಕೆಯವರೆಗೆ, ನಡುವೆ ಫೆಡರೇಷನ್ ಕಪ್ಪಿನ ಬಿಡುವು ಬಿಟ್ಟು, ಇಷ್ಟು ದೂರಗಳ ನಡುವೆ ವಿಮಾನ ಬಸ್ಸುಗಳಲ್ಲಿ ಓಡಾಡುತ್ತ ಆಡಬೇಕು. ಇಂಥ ಲೀಗನ್ನು ಒಂದು ಮಿಂಚಿನ ಪಂದ್ಯ ಗೆಲ್ಲಿಸುವುದಿಲ್ಲ. ಶಿಲ್ಲಾಂಗಿನ ಎತ್ತರದಲ್ಲಿ ಏದುಸಿರು ಬಿಡುತ್ತ ತರುವ ಒಂದು ಅಂಕ, ಕಲ್ಕತ್ತೆಯಲ್ಲಿ ಕಿರುಚಾಟದ ನಡುವೆ ಉಳಿಸಿಕೊಳ್ಳುವ ಒಂದು ಅಂಕ, ಇಂಥವು ಗೆಲ್ಲಿಸುತ್ತವೆ. ವೆಸ್ಟ್‌ವುಡ್‌ನ ತಂಡ ಎಲ್ಲರಿಗಿಂತ ಚೆಂದವಾಗಿ ಆಡಿತು ಅನ್ನಲಾರೆ. ಚೆಂಡಿನ ಕುಸುರಿ ಗೋವಾದವರಲ್ಲಿ ಹೆಚ್ಚಿತ್ತು. ಆದರೆ ಎಂಬತ್ತನೇ ನಿಮಿಷದಲ್ಲಿ ಎದುರಾಳಿಯ ಕಾಲು ಸೋತಾಗ ಇವರ ಕಾಲು ಓಡುತ್ತಿತ್ತು. ಹೊಸ ಕೋಚ್ ಊಟ ನಿದ್ದೆಗಳ ಲೆಕ್ಕ ಇಟ್ಟದ್ದು ಇದಕ್ಕೆ.

ಕೊನೆಯಲ್ಲಿ ಲೆಕ್ಕ ಹೀಗಿತ್ತು: 14 ಗೆಲುವು, 5 ಡ್ರಾ, 5 ಸೋಲು, 47 ಅಂಕ. ಛೆಟ್ರಿ 14 ಗೋಲು ಹೊಡೆದು, ಸಾಲ್ಗಾಂವ್ಕರಿನ ಡ್ಯಾರಿಲ್ ಡಫಿ ಮತ್ತು ಶಿಲ್ಲಾಂಗ್ ಲಜೊಂಗಿನ ಕಾರ್ನೆಲ್ ಗ್ಲೆನ್ ಜೊತೆ ಗೋಲುಗಳ ಪಟ್ಟಿಯ ತುದಿ ಹಂಚಿಕೊಂಡರು. ಮೂವರಲ್ಲಿ ಭಾರತೀಯ ಅವರೊಬ್ಬರೇ. 43 ಅಂಕಗಳೊಂದಿಗೆ ಎರಡನೇ ಸ್ಥಾನಕ್ಕೆ ನಿಂತದ್ದು ಈಸ್ಟ್ ಬೆಂಗಾಲ್. ಇನ್ನೊಂದು ತುದಿಯಲ್ಲಿ, ಲೀಗಿನಿಂದ ಕೆಳಗೆ ಬಿದ್ದದ್ದು ಮೊಹಮ್ಮಡನ್ ಸ್ಪೋರ್ಟಿಂಗ್. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಸೋಲಿಸಿದ್ದ ಅದೇ ಮೊಹಮ್ಮಡನ್.

ಬೆಂಗಳೂರು ಮುಸ್ಲಿಮ್ಸ್, ಐಟಿಐ, ಎಚ್ಎಎಲ್ ಇವರೆಲ್ಲ ನಮ್ಮ ಊರಿನವರೇ ಆಗಿ ದೇಶದ ಲೀಗ್ ಗೆಲ್ಲಲಿಲ್ಲ. ಹೊರಗಿನ ಹಣ, ಹೊರಗಿನ ಕೋಚ್, ಬಹುಪಾಲು ಹೊರಗಿನ ಆಟಗಾರರನ್ನಿಟ್ಟುಕೊಂಡು ಬಂದವರು ಒಂದೇ ಋತುವಿನಲ್ಲಿ ಗೆದ್ದರು. ಇದನ್ನು ಹೇಗೆ ನೋಡಬೇಕು ಎಂಬುದರ ಬಗ್ಗೆ ಅಶೋಕನಗರದ ಹಳಬರಲ್ಲಿ ಎರಡು ಮಾತಿದೆ. ಒಂದು, ನಾವು ಬಿತ್ತಿದ್ದನ್ನು ಯಾರೋ ಕೊಯ್ದರು ಎನ್ನುವುದು. ಇನ್ನೊಂದು, ಹೊಲ ಬೀಳು ಬಿದ್ದಿತ್ತು, ಬಂದು ಉತ್ತದ್ದೇ ದೊಡ್ಡದು ಎನ್ನುವುದು. ನಾನು ಬೇಸಾಯದ ಊರಿನವನಾದ್ದರಿಂದ ಎರಡನೆಯದರ ಕಡೆ ವಾಲುತ್ತೇನೆ. ಆದರೆ ಮೊದಲ ಮಾತನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕಲು ಮನಸ್ಸಾಗುವುದಿಲ್ಲ. ಕಾರ್ಖಾನೆ ತಂಡಗಳಿದ್ದಾಗ ನೂರಾರು ಸಾಧಾರಣ ಆಟಗಾರರಿಗೆ ಬದುಕಿತ್ತು. ಹೊಸ ವ್ಯವಸ್ಥೆಯಲ್ಲಿ ಇಪ್ಪತ್ತೈದು ಜನ ಅಸಾಧಾರಣ ಆಟಗಾರರಿಗೆ ಒಳ್ಳೆಯ ಸಂಬಳವಿದೆ. ಇಪ್ಪತ್ತಾರನೆಯವನು ಮೂವತ್ತನೇ ವಯಸ್ಸಿಗೆ ಮಂಡಿ ಹಾಳು ಮಾಡಿಕೊಂಡರೆ ಅವನಿಗೆ ಮೆಷಿನ್ನಿನ ಮುಂದೆ ಜಾಗವಿಲ್ಲ.

ಆ ಋತು ಮುಗಿದ ಮೇಲೆ ಕ್ಲಬ್ಬು ಅಶೋಕನಗರ ಬಿಟ್ಟು ಕಂಠೀರವಕ್ಕೆ ಹೋಯಿತು. ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದು, ಆದರೆ ಆಟಕ್ಕೂ ನೋಡುವವರಿಗೂ ನಡುವೆ ಓಟದ ಟ್ರ್ಯಾಕಿನಷ್ಟು ಅಂತರ. ಟ್ರ್ಯಾಕಿನ ಹಕ್ಕುದಾರರಾದ ಅಥ್ಲೀಟುಗಳಿಗೂ ಫುಟ್‌ಬಾಲಿಗೂ ಮುಂದೆ ತಕರಾರು ಬೆಳೆದು ಕೋರ್ಟು ಮೆಟ್ಟಿಲು ಹತ್ತಿತು. ಪಶ್ಚಿಮ ಗ್ಯಾಲರಿಯವರು ಹೊಸ ಜಾಗದಲ್ಲೂ ತಮ್ಮ ಹೆಸರನ್ನು ಜೊತೆಗೇ ಒಯ್ದರು.

ಎರಡನೇ ಋತುವಿನ ಕೊನೆಯ ಪಂದ್ಯವನ್ನು ಹೇಳದೆ ಇರಲಾರೆ. 2015ರ ಮೇ 31, ಕಂಠೀರವ. ಎದುರಾಳಿ ಮತ್ತೆ ಮೋಹನ್ ಬಾಗಾನ್. ಬೆಂಗಳೂರು ಗೆದ್ದರೆ ಪಟ್ಟ ಬೆಂಗಳೂರಿಗೆ, ಡ್ರಾ ಆದರೆ ಬಾಗಾನಿಗೆ. ಜಾನ್ ಜಾನ್ಸನ್ ತಲೆಕೊಟ್ಟು ಮೊದಲರ್ಧದಲ್ಲೇ ಗೋಲು ಹೊಡೆದ. ಮಳೆ ಬಂತು. ಇನ್ನು ಮೂರೇ ನಿಮಿಷ ಇದೆ ಅನ್ನುವಾಗ ಕಾರ್ನರಿನಿಂದ ಬಂದ ಚೆಂಡಿಗೆ ಬಾಗಾನಿನ ಬೆಲ್ಲೊ ರಜಾಕ್ ತಲೆ ಕೊಟ್ಟ. 1-1. ಮೊದಲ ಪಂದ್ಯದ್ದೇ ಸ್ಕೋರು. ಅಂದು ಅದು ಹುಟ್ಟಿದ ಹಬ್ಬವಾಗಿತ್ತು, ಇಂದು ಪಟ್ಟ ಕೈತಪ್ಪಿತು. ಆ ರಾತ್ರಿ ಒದ್ದೆಯಾಗಿ ನಿಂತಿದ್ದ ಗ್ಯಾಲರಿ ಬಹಳ ಹೊತ್ತು ಕದಲಲಿಲ್ಲವಂತೆ. ಒಂದು ಊರು ಒಂದು ತಂಡವನ್ನು ತನ್ನದೆಂದು ಒಪ್ಪಿಕೊಳ್ಳುವುದು ಗೆದ್ದಾಗಲ್ಲ, ಇಂಥ ರಾತ್ರಿಗಳಲ್ಲಿ ಎಂದು ಆಟ ಬಲ್ಲವರು ಹೇಳುತ್ತಾರೆ. ಮರುವರ್ಷ ಬೆಂಗಳೂರು ಮತ್ತೆ ಚಾಂಪಿಯನ್ ಆಯಿತು. 2016ರ ನವೆಂಬರಿನಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿ ಇರಾಕಿನ ವಾಯುಪಡೆಯ ಕ್ಲಬ್ಬಿಗೆ 1-0ಯಿಂದ ಸೋತಿತು. 2017ರಲ್ಲಿ ಐ-ಲೀಗ್ ಬಿಟ್ಟು ಐಎಸ್ಎಲ್ ಸೇರಿತು, 2019ರಲ್ಲಿ ಅದನ್ನೂ ಗೆದ್ದಿತು. ಇವೆಲ್ಲ ಈಚಿನ ಸಂಗತಿಗಳು, ಟಿವಿ ನೋಡುವವರಿಗೆಲ್ಲ ಗೊತ್ತು.

ಸಂತೋಷ್ ಟ್ರೋಫಿಯ ಮಾತು ಅರ್ಧಕ್ಕೆ ಬಿಟ್ಟಿದ್ದೆ. 1968-69ರ ನಂತರ 54 ವರ್ಷ ಅದು ನಮ್ಮ ಕಡೆ ಬರಲಿಲ್ಲ. 2023ರ ಮಾರ್ಚ್ 4ರಂದು ಸೌದಿಯ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ತಂದಿತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮೇಲೆ ಇದೇ ಮೊದಲು. ಆ ತಂಡ ಕಟ್ಟಿದ್ದು ಬೆಂಗಳೂರು ಲೀಗಿನಲ್ಲಿ ಆಡುವ ಹುಡುಗರಿಂದ, ಟಿವಿಯವರು ತಿರುಗಿಯೂ ನೋಡದ, ಅಶೋಕನಗರದ ಅದೇ ಹಳೆಯ ಮೈದಾನದ ಲೀಗಿನಿಂದ.

ಮತ್ತೆ 2014ರ ಏಪ್ರಿಲಿಗೆ ಬರುತ್ತೇನೆ. ಫತೋರ್ಡಾದಲ್ಲಿ ಛೆಟ್ರಿಯ ತಂಡ ಕುಣಿಯುತ್ತಿದ್ದಾಗ ಅಹ್ಮದ್ ಖಾನ್ ಇನ್ನೂ ಬದುಕಿದ್ದರು. ವಯಸ್ಸು 87. ಹತ್ತು ವರ್ಷ ಈಸ್ಟ್ ಬೆಂಗಾಲಿಗೆ ಆಡಿ, ಬಂಗಾಳದ ಲಕ್ಷಾಂತರ ಜನರ ಬಾಯಲ್ಲಿ ಹೆಸರಾಗಿ, ಹುಟ್ಟಿದೂರಿನಲ್ಲಿ ಬೀದಿಯಲ್ಲಿ ನಡೆದರೆ ಗುರುತಿಸುವವರಿಲ್ಲದಂತೆ ಇದ್ದವರು. ಅವರ ಊರಿನ ಕ್ಲಬ್ಬು ಅವರ ಕ್ಲಬ್ಬನ್ನು ನಾಲ್ಕು ಅಂಕಗಳಿಂದ ಹಿಂದಿಕ್ಕಿದ ವರ್ಷ ಅದು. 2017ರ ಆಗಸ್ಟಿನಲ್ಲಿ ಅವರು ಬೆಂಗಳೂರಿನಲ್ಲೇ ತೀರಿಕೊಂಡರು. ಮರುದಿನ ಕಲ್ಕತ್ತೆಯ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿ. ಚೇಳೂರಿಗೆ ಬರುವ ಪತ್ರಿಕೆಯಲ್ಲಿ ನಾನು ಹುಡುಕಿದೆ. ಒಳಪುಟದಲ್ಲಿ, ಒಂದು ಕಾಲಮ್ಮಿನ ಕೆಳಗೆ ಇತ್ತು.